ಮಾದಪ್ಪನ ಹಿಡಿ ಅಕ್ಕಿಗೂ ಮೊದಲು

ಮೊದಲ ಬಸ್ಸಿನಿಂದ ಇಳಿದ ಶಮೀಮ್ ಬಾನು ಸುತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೆರಗಿನಡಿಯ ಚೀಲದಲ್ಲಿ ತಕ್ಕಡಿ ಇದೆ, ತೂಕದ ಕಲ್ಲುಗಳಿವೆ. ನಡೆಯುವಾಗ ಸದ್ದಾಗದಂತೆ ಒಂದೊಂದು ಕಲ್ಲಿಗೂ ಹಳೇ ಬಟ್ಟೆ ಸುತ್ತಿದ್ದಾರೆ. ಮಳವಳ್ಳಿ ಕಡೆಯ ಈ ಊರಿನಲ್ಲಿ ಇವತ್ತು ರೇಷನ್ ಅಕ್ಕಿ ಕೊಡುವ ದಿನ. ಡಿಪೋ ಬಾಗಿಲು ತೆರೆಯುವ ಮೊದಲೇ ಅವರು ಯಾರದಾದರೂ ಮನೆ ಸೇರಿಕೊಳ್ಳಬೇಕು.

ಮದ್ದೂರಿನಲ್ಲಿ ತಕ್ಕಡಿ ರಿಪೇರಿ ಮಾಡುವ ಗೌಸ್ ಪೀರ್ ಅವರ ಮಗಳು ಈಕೆ. ವಯಸ್ಸು ಮೂವತ್ತನಾಲ್ಕು, ಗಂಡ ತೀರಿಕೊಂಡು ಆರು ವರ್ಷ. ರೇಷನ್ನಿನಲ್ಲಿ ಎಷ್ಟು ಕಳವಾಗುತ್ತದೆ, ಅಧಿಕಾರಿಗಳು ಹೇಳದೆ ಕೇಳದೆ ತಪಾಸಣೆಗೆ ಬಂದರೆ ಕಳವು ತಗ್ಗುತ್ತದೆಯೇ ಎಂದು ಬೆಂಗಳೂರಿನ ಅರ್ಥಶಾಸ್ತ್ರಜ್ಞರು ಸಂಶೋಧನೆ ನಡೆಸುತ್ತಿದ್ದಾರೆ. ಮನೆಗೆ ಬಂದ ಅಕ್ಕಿಯನ್ನು ಮತ್ತೆ ತೂಗಿ ಬರೆದುಕೊಳ್ಳುವುದು ಶಮೀಮ್ ಬಾನು ಅವರ ಕೆಲಸ. ದಿನಕ್ಕೆ ಹನ್ನೆರಡು ಮನೆ, ಕೂಲಿ ಐದು ರೂಪಾಯಿ. ಪುಸ್ತಕದಲ್ಲಿ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರ ಮನೆ ಎನ್ನುವುದು ಅವರ ತಲೆಯೊಳಗಿದೆ.

ಮೊದಮೊದಲು ಮಧ್ಯಾಹ್ನ ಹೋಗಿ ತೂಗುತ್ತಿದ್ದರು. ಬೀದಿ ಬಿಕೋ ಎನ್ನುವ ಹೊತ್ತು, ಭಯವಿರಲಿಲ್ಲ. ಆದರೆ ಒಂದೂರಿನಲ್ಲಿ ಎಲ್ಲ ಮನೆಗಳಲ್ಲೂ ಒಂದೇ ಅಳತೆಯಷ್ಟು ಅಕ್ಕಿ ಕಡಿಮೆ ಬಂತು. ಡಿಪೋದವನು ಕಳ್ಳ ಎಂದೇ ಬರೆದರು. ಆಮೇಲೆ ಅಲ್ಲಿನ ಅಜ್ಜಿಯೊಬ್ಬರು ಮಾತಿಗೆ ಮಾತು ಬಂದು, "ಅಕ್ಕಿ ಮನೇಗ್ ಬಂದೇಟ್ಗೆ ಮಾದಪ್ಪಂಗೆ ಒಂದಿಡಿ ತಗ್ದಿಡದೆ ಇರಕಾದದಾ ಕಣವ್ವ?" ಎಂದಾಗ ಶಮೀಮ್ ಬಾನು ಬೆಚ್ಚಿಬಿದ್ದರು: ಎಲ್ಲ ಮನೆಗಳಲ್ಲೂ ಕಡಿಮೆ ಬಂದದ್ದು ಆ ಹಿಡಿಯೇ.

"ಒಬ್ಬ ನ್ಯಾಯಸ್ತನ್ ಲೈಸೆನ್ಸು ನನ್ ಕೈಯಿಂದ ಓಗ್ಬುಡ್ತಿತ್ತು ಸಾರ್" ಎಂದು ಈಗಲೂ ನನ್ನೆದುರು ಹೇಳಿಕೊಳ್ಳುತ್ತಾರೆ. ಆ ವಾರವೇ ಬೆಂಗಳೂರಿಗೆ ಕಾಗದ ಬರೆದು ತಪ್ಪೊಪ್ಪಿಕೊಂಡರು. ಅಂದಿನಿಂದ ದೇವರ ಹಿಡಿ ತೆಗೆಯುವ ಮೊದಲೇ ತೂಗಬೇಕು. ಅಂದರೆ ಊರೆಲ್ಲ ಎದ್ದು ಓಡಾಡುವ ಹೊತ್ತಿಗೆ, ಡಿಪೋ ಕಣ್ಣಳತೆಯಲ್ಲೇ ಅಡಗಿ ಕೂರಬೇಕು. ಅಕ್ಕಪಕ್ಕದವರು ಹಿತ್ತಿಲ ಬಾಗಿಲಿನಿಂದ ಅಕ್ಕಿ ಚೀಲ ತರುತ್ತಾರೆ.

ಹೋದ ತಿಂಗಳು ಬೇರೊಂದು ಊರಿನಲ್ಲಿ ಸಿಕ್ಕಿಬಿದ್ದರು. ಅಲ್ಲಿ ಕಿಲೋಗೆ ನೂರು ಗ್ರಾಂ ಕಡಿಮೆ. ಬಸ್ಸಿಗೆ ಕಾಯುತ್ತಿದ್ದಾಗ ಡಿಪೋ ಕಡೆಯವನೊಬ್ಬ ಪುಸ್ತಕ ಕಿತ್ತುಕೊಂಡು ತಿರುವಿ ಹಾಕಿದ.

"ಏಳ್ನೇ ನಂಬ್ರು ಯಾರ್ದು? ಬಾಯ್ಬುಡು. ಅವ್ರ ಕಾರ್ಡ್ ಎಂಗ್ ಉಳೀತದೋ ನೋಡ್ತೀನಿ. ನೀನ್ ಎಂಗ್ ಬಸ್ ಅತ್ತೀಯೋ ಅದ್ನೂ ನೋಡ್ತೀನಿ."

"ಮರ್ತೋಗದೆ ಕಣಣ್ಣ" ಎಂದರು ಶಮೀಮ್ ಬಾನು. ಅವನು ಪುಸ್ತಕವನ್ನು ನಾಲೆಗೆ ಎಸೆದು ಹೋದ. ಮನೆಗೆ ಬಂದವರೇ ಅಷ್ಟೂ ಮನೆಗಳ ಲೆಕ್ಕವನ್ನು ನೆನಪಿನಿಂದಲೇ ಮತ್ತೆ ಬರೆದರು. ಮೂರು ದಿನ ಜ್ವರ ಬಿಡಲಿಲ್ಲ. ನಾಲ್ಕನೆಯ ದಿನ ಮತ್ತೆ ಬಸ್ಸು ಹತ್ತಿದರು.

"ಎದ್ರಿಕೆ ಇಲ್ಲ ಅಂದ್ರೆ ಸುಳ್ಳಾಯ್ತದೆ ಸಾರ್. ಬಸ್ ಇಳಿಯೋವಾಗ ದಿನಾ ಡಿಪೋ ಕಡೆಯೋರು ಯಾರಾರ ನಿಂತವ್ರಾ ಅಂತ ಮೊದ್ಲು ನೋಡ್ಕತೀನಿ."

ಈ ಬರಹಕ್ಕೆ ಒಪ್ಪಿಗೆ ಕೇಳಿದಾಗ ಮೊದಲು ಅಪ್ಪನನ್ನು ಕೇಳಿ ಬಂದರು. ಆಮೇಲೆ ಹೇಳಿದರು: "ನನ್ನೆಸ್ರು ಆಕ್ಕಳಿ, ಅಪ್ಪನ್ದೂ ಆಕ್ಕಳಿ, ಅವ್ರು ಊಂ ಅಂದವ್ರೆ. ಊರೆಸ್ರು ಬ್ಯಾಡ. ಬಾಗ್ಲು ತಗ್ದೋರು ನನ್ ನಂಬಿ ತಗ್ದವ್ರೆ."