ಉಲ್ಟಾ ತಿರುಗಿದ ಸಮುದ್ರ

ಮುಂಡರಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಸಮುದ್ರದ ಪ್ರವಾಹಗಳ ಪಾಠ ಬಂದರೆ ನನಗೆ ಹುಮ್ಮಸ್ಸು ಜಾಸ್ತಿ. "ನಮಗ ತುಂಗಭದ್ರಾ ದಂಡಿ ಕಂಡ್ರ ಸಾಕು, ಸಮುದ್ರ ಯಾಕ್ರಿ ಟೀಚರ್?" ಎಂದು ಸ್ಟಾಫ್‌ರೂಮಿನಲ್ಲಿ ಒಬ್ಬರು ನಕ್ಕಿದ್ದರು. ಆ ಸಿಟ್ಟಿಗೇ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಗದಗಿನ ಜಿಲ್ಲಾ ಸ್ಪರ್ಧೆಗೆ ತಯಾರು ಮಾಡಿದೆ. ಗೆದ್ದರೆ ರಾಜ್ಯಮಟ್ಟ. ಅದಕ್ಕಾಗಿ ಅವಳು ಎರಡು ತಿಂಗಳು ಒದ್ದಾಡಿದ್ದಳು.

ಮಾದರಿ ಸರಳ. ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿದ ಸೈಕಲ್ ಗಾಲಿ, ಅದರ ಮೇಲೊಂದು ದುಂಡನೆಯ ರಟ್ಟು. ಒಬ್ಬರು ಗಾಲಿ ತಿರುವಬೇಕು, ಇನ್ನೊಬ್ಬರು ಅಳತೆಪಟ್ಟಿಯನ್ನು ಅಲುಗದಂತೆ ಹಿಡಿದು ನಡುವಿನಿಂದ ಅಂಚಿಗೆ ನೇರ ಗೆರೆ ಎಳೆಯಬೇಕು. ರಟ್ಟಿನ ಮೇಲೆ ಗೆರೆ ಬಲಕ್ಕೆ ಬಾಗುತ್ತದೆ. ತಿರುಗುವ ಭೂಮಿಯ ಉತ್ತರಾರ್ಧದಲ್ಲಿ ಸಮುದ್ರದ ನೀರು ಬಲಕ್ಕೆ ವಾಲುವುದೂ ಹೀಗೇ.

ಸ್ಪರ್ಧೆಯ ದಿನ ಗಾಲಿ ತಿರುವುವ ಗೆಳತಿಗೆ ಜ್ವರ. ನೋಡಲು ಬಂದಿದ್ದ ಹುಡುಗಿಯ ಅವ್ವನನ್ನೇ ನಿಲ್ಲಿಸಿದೆ. ಆಕೆ ಗಾಲಿಗೆ ಅರಿಷಿಣ-ಕುಂಕುಮ ಹಚ್ಚಿ ಕೈಮುಗಿದರು. ತೀರ್ಪುಗಾರರು ಬಂದೊಡನೆ ಅವ್ವ ಗಾಲಿ ತಿರುವಿದರು, ಹುಡುಗಿ ಗೆರೆ ಎಳೆದಳು. ಗೆರೆ ಎಡಕ್ಕೆ ಬಾಗಿತು!

"ಏನ್ರೀ ಇದು? ನಿಮ್ಮ ಸಮುದ್ರ ಉಲ್ಟಾ ಹೊಂಟೈತಲ್ಲ?" ಎಂದರು ತೀರ್ಪುಗಾರರು.

ಅವ್ವ ದೇವರಿಗೆ ಪ್ರದಕ್ಷಿಣೆ ಹಾಕುವ ದಿಕ್ಕಿಗೆ ತಿರುವಿದ್ದರು. ಉತ್ತರದಿಂದ ನೋಡಿದರೆ ಭೂಮಿ ತಿರುಗುವುದು ಅದಕ್ಕೆ ವಿರುದ್ಧ. ಮೊದಲೇ ಹೇಳಿಕೊಡದ ನನ್ನ ತಲೆಗೇ ಒಂದು ಬಾರಿಸಬೇಕೆನ್ನಿಸಿತು. ಆಚೆ ಕಡೆಗೆ ತಿರುವಿರೆಂದು ಆಕೆಗೆ ಕೈಸನ್ನೆ ಮಾಡಿದೆ.

"ಪೂಜಿ ಮಾಡಿದ್ದನ್ನ ಉಲ್ಟಾ ಹೆಂಗ ತಿರುವಲಿ?" ಎಂದು ಅವ್ವ ಮುಖ ಸಣ್ಣದು ಮಾಡಿಕೊಂಡರು.

ಹುಡುಗಿ ಮಾತ್ರ ಅಳುಕಲಿಲ್ಲ. "ನಮ್ಮವ್ವ ತಿರುವಿದ್ದು ಖರೆ ಐತ್ರಿ ಸರ್. ಇದು ಭೂಮಿಯ ದಕ್ಷಿಣದ ಅರ್ಧ, ಅಲ್ಲಿ ನೀರು ಎಡಕ್ಕ ವಾಲತೈತಿ. ನಮ್ಮ ಮುಂಗಾರಿನ ಗಾಳಿ ಸೈತ ಅಲ್ಲಿಂದ ಎಡಕ್ಕ ವಾಲಿ ಹೊಂಟು, ಭೂಮಧ್ಯರೇಖಾ ದಾಟಿದ ಮ್ಯಾಲ ಬಲಕ್ಕ ಹೊಳ್ಳತೈತಿ. ಬೇಕಾದ್ರ ಬಗ್ಗಿ ಗಾಲಿ ಕೆಳಗಿಂದ ನೋಡ್ರಿ, ಇದೇ ತಿರುಗಾಟ ಉಲ್ಟಾ ಕಾಣತೈತಿ."

ತೀರ್ಪುಗಾರರು ಪ್ಯಾಂಟು ಮೇಲೆಳೆದುಕೊಂಡು ಖರೇನೇ ಬಗ್ಗಿದರು! ಎದ್ದಾಗ ನಗುತ್ತಿದ್ದರು.

ಇಷ್ಟು ವರ್ಷ ಕಲಿಸಿದ ನಾನು ಒಂದು ದಿನವೂ ಆ ಗಾಲಿಯ ಕೆಳಗೆ ಬಗ್ಗಿ ನೋಡಿದವಳಲ್ಲ. ನನ್ನ ಹುಡುಗಿ ನನ್ನನ್ನು ದಾಟಿ ಹೋಗಿದ್ದಳು.

ಸಂಜೆ ಮೊದಲ ಬಹುಮಾನಕ್ಕೆ ಅವಳನ್ನು ಕರೆದರು. ಅವಳು ವೇದಿಕೆಯ ಮೆಟ್ಟಿಲ ಬಳಿಯೇ ನಿಂತು ಹಿಂದಿರುಗಿ ಕೂಗಿದಳು: "ಬಾರಬೇ ಅವ್ವಾ! ದಕ್ಷಿಣದ ಸಮುದ್ರ ತೋರಿಸಿದಾಕಿ ನೀನ!"

ಆಕೆ ಸೆರಗು ಸರಿಮಾಡಿಕೊಂಡು, ಚಪ್ಪಲಿ ಕೆಳಗೆ ಬಿಟ್ಟು, ವೇದಿಕೆ ಹತ್ತಿದರು.