ಭಾವನ ಕೋವಿ, ಬಿಳಗಿಯ ಬಾವಲಿ

ನನ್ನ ಭಾವನ ಬಲಗೆನ್ನೆಯ ತುಂಬ ನೀಲಿ ಚುಕ್ಕೆಗಳಿದ್ದವು. ಹಚ್ಚೆಯಲ್ಲ, ಹರೆಯದಲ್ಲಿ ಒಮ್ಮೆ ಕೋವಿಯ ಮದ್ದು ಹಿಂದಕ್ಕೆ ಸಿಡಿದು ಚರ್ಮದೊಳಗೆ ಕೂತಿದ್ದು. ಎಲೆಅಡಿಕೆ ಜಗಿಯುವಾಗ ಅವೆಲ್ಲ ಒಟ್ಟಿಗೆ ಮೇಲೆ ಕೆಳಗೆ ಆಡುತ್ತಿದ್ದವು, ಕೊಳೆತ ಹಣ್ಣಿನ ಮೇಲೆ ನೊಣ ಎದ್ದು ಕೂತ ಹಾಗೆ. ನಾನು ಅವರಿಗೆ ಅನ್ನ ಬಡಿಸುವಾಗ ಯಾವಾಗಲೂ ಎಡಗಡೆಯಿಂದಲೇ ಬಡಿಸುತ್ತಿದ್ದೆ, ಆ ಕೆನ್ನೆ ಕಾಣುವುದು ಬೇಡ ಎಂದು.

ಅವರು ಅಕ್ಕನ ಗಂಡ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಸಿದ್ದಾಪುರದ ಅವರ ಮನೆಯಲ್ಲಿ ಬೆಳೆದವಳು ನಾನು. ಅವರ ಅನ್ನ ಉಂಡವಳು ಹೀಗೆಲ್ಲ ಬರೆಯಬಾರದು ಎನ್ನುವವರು ಎನ್ನಲಿ. ಆ ಮನುಷ್ಯನನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು, ಅದನ್ನು ಮುಚ್ಚಿಟ್ಟು ಯಾಕೆ ಬರೆಯಲಿ?

ಹೇಸಿಗೆಗೆ ಕಾರಣ ಕೋವಿ. ಅಕ್ಕಿ ತುಂಬಿಡುವ ಕಲಬಿ ಪೆಟ್ಟಿಗೆಯ ಪಕ್ಕ, ಕತ್ತಲೆ ಮೂಲೆಯಲ್ಲಿ ಅದು ನಿಂತಿರುತ್ತಿತ್ತು. ಹಂದಿ, ಮಂಗಗಳಿಂದ ಬೆಳೆ ಕಾಯಲು ಎಂದು ಸರಕಾರದಿಂದ ಲೈಸೆನ್ಸು ಪಡೆದದ್ದು. ಕಾದದ್ದು ಎಷ್ಟೋ ದೇವರೇ ಬಲ್ಲ. ಭಾನುವಾರ ಬಂತೆಂದರೆ ಶಿಕಾರಿ. ಕಾಡುಕೋಳಿ, ಮೊಲ, ಬರ್ಕವೆಂಬ ಪುಟ್ಟ ಜಿಂಕೆ, ಏನು ಸಿಕ್ಕಿದರೂ ತಂದು ನಾವು ಬಟ್ಟೆ ಒಗೆಯುವ ಕಲ್ಲಿನ ಮೇಲೇ ಸುಲಿಯುತ್ತಿದ್ದರು. ಸೋಮವಾರ ನನ್ನ ಲಂಗದಲ್ಲಿ ಪುಕ್ಕ ಅಂಟಿಕೊಂಡಿರುತ್ತಿತ್ತು. ನನ್ನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿಗೇ ಚಿಂದಿ ಅದ್ದಿ ಕೋವಿಯ ನಳಿಗೆ ಒರೆಸುತ್ತಿದ್ದರು. "ಭಾವ, ಅದು ನನ್ನ ತಲೆ ಎಣ್ಣೆ!" ಎಂದರೆ, "ನಿನ್ನ ತಲೆಗಿಂತ ಇದು ಹೆಚ್ಚು ಕೆಲಸ ಮಾಡ್ತದೆ ಮಾರಾಯ್ತಿ" ಎಂದು ನಗುವುದು. ಥೂ! ಆ ನಗುವಿಗೆ ಚುಕ್ಕೆಗಳೆಲ್ಲ ಎದ್ದು ಕುಣಿಯುತ್ತಿದ್ದವು.

ಹೊಟ್ಟೆಬಾಕ ಬೇರೆ. ಅಕ್ಕಿರೊಟ್ಟಿ, ಕೋಳಿಸಾರು ಇದ್ದ ದಿನ ಅಕ್ಕನಿಗೆ ರೊಟ್ಟಿ ತಟ್ಟಿ ತಟ್ಟಿ ಅಂಗೈ ಉರಿಯುತ್ತಿತ್ತು. ಊಟ ಬೇಡ ಎಂದು ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಸಂದರ್ಭದಲ್ಲಿ. ಹೊಡೆದ ಪ್ರಾಣಿ ಗಾಯವಾಗಿ ತಪ್ಪಿಸಿಕೊಂಡಿದ್ದರೆ, ಅದು ಸಿಗುವ ತನಕ ಎಲೆ ಮುಂದೆ ಕೂರುತ್ತಿರಲಿಲ್ಲ. ಅವರ ಶಿಕಾರಿ ಗುಂಪಿನ ಕಟ್ಟಳೆಯಂತೆ ಅದು. ಗಾಯ ಮಾಡಿ ಬಿಟ್ಟು ಬಂದವನ ಜೊತೆ ಉಳಿದವರು ಊಟಕ್ಕೂ ಕೂರುವುದಿಲ್ಲ. ಒಮ್ಮೆ ಹೀಗೇ ಒಂದು ಹಂದಿಯ ರಕ್ತದ ಜಾಡು ಹಿಡಿದು ಹೋದವರು ಮಾರನೆಯ ಸಂಜೆ ಬಂದರು. ಮೈಯೆಲ್ಲ ಮುಳ್ಳು, ರಕ್ತ ಹೀರುವ ಉಣುಗು. ಅಕ್ಕ ಬೈದು ಬೈದು ಬಿಸಿನೀರು ಹೊಯ್ದಳು. "ಮುಗೀತು ಅದರ ಸಂಕಟ. ಈಗ ಬಡಿಸು" ಎಂದು ಕೂತವರು ಪಾತ್ರೆ ಬರಿದು ಮಾಡಿಯೇ ಎದ್ದರು. ಕೊಲ್ಲುವುದಕ್ಕೂ ಮಡಿ ಮೈಲಿಗೆಯೇ ಎಂದು ನಾನು ಒಳಗೆ ಪಾತ್ರೆ ಕುಕ್ಕಿದೆ.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷ ಸಂಬಂಧ ಬಂತು. ಹುಡುಗ ಯಲ್ಲಾಪುರ ಕಡೆಯವನು, ಅಪ್ಪ ಮರದ ಕಂತ್ರಾಟುದಾರ. ಮನೆಯಲ್ಲಿ ಜೀಪಿತ್ತು. ಧಾರವಾಡದಲ್ಲಿ ನಾಲ್ಕು ದಿನ ಓದಿ ಬಂದವನು, ಮಾತೂ ಆ ಕಡೆಯದೇ. ನನಗೆ ಟ್ರೇನಿಂಗಿಗೆ ಹೋಗಿ ಮಾಸ್ತರಿಕೆ ಮಾಡಬೇಕೆಂಬ ಆಸೆ. ಕೇಳುವವರು ಯಾರು? ಅಕ್ಕ "ಜೀಪಿದ್ದ ಮನೆ" ಎಂದು ಊರೆಲ್ಲ ಹೇಳಿಕೊಂಡು ಬಂದಳು. ವೀಳ್ಯ ಬದಲಿಸಿ ಮದುವೆ ನಿಶ್ಚಯ ಮಾಡುವ ದಿನವೂ ಗೊತ್ತಾಯಿತು.

ವೀಳ್ಯಕ್ಕೆ ಮೊದಲು ಅವನು ಒಂದು ಶನಿವಾರ ನಮ್ಮನೆಗೆ ಬಂದ. ಜೀಪಿನಿಂದ ಇಳಿಸಿದ್ದು ಹಣ್ಣುಹಂಪಲಲ್ಲ, ರೈಫಲ್ಲು. ಸಪೂರ ನಳಿಗೆ, ಮೇಲೆ ದುರ್ಬೀನು ಕೂರಿಸಿದ್ದು. ಭಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ ರೀತಿ ನೋಡಬೇಕಿತ್ತು! ಅಕ್ಕನ ಚೊಚ್ಚಲ ಕೂಸನ್ನೂ ಅವರು ಹಾಗೆ ಎತ್ತಿಕೊಂಡಿರಲಿಲ್ಲ.

"ವೀಳ್ಯೇದ ದಿನ ಇದು ನಿಮ್ದ ನೋಡ್ರಿ" ಎಂದ ಅವನು. "ಲೈಸೆನ್ಸಿಂದೆಲ್ಲ ನಮ್ಮಪ್ಪಾರು ನೋಡ್ಕೋತಾರ."

ಭಾವ ಬೇಡ ಎನ್ನಲಿಲ್ಲ. ದುರ್ಬೀನಿಗೆ ಕಣ್ಣು ಹಚ್ಚಿ ಎದುರು ಗುಡ್ಡ ನೋಡುತ್ತಾ ನಿಂತರು. ಬಾಗಿಲ ಸಂದಿಯಲ್ಲಿ ನಿಂತ ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ನಳಿಗೆಗೆ ನನ್ನನ್ನು ಮಾರಿದನಲ್ಲ ಈ ಮನುಷ್ಯ ಎಂದು ಒಲೆಯ ಮುಂದೆ ಕೂತು ಅತ್ತೆ. ಅಕ್ಕ ಹೊಗೆ ಎಂದುಕೊಂಡಳು.

ಮರುದಿನ ಸಿದ್ದಾಪುರಕ್ಕೆ ಹತ್ತಿರದ ಬಿಳಗಿಗೆ ಹೊರಟೆವು. ಅಲ್ಲಿ ಕೆರೆಯ ಆಚೆ ದಂಡೆಗೆ ಒಂದು ದೊಡ್ಡ ಗೋಳಿಮರ, ಅದರ ತುಂಬ ಬಾವಲಿ. ನೆವ ಏನೆಂದರೆ ಪಕ್ಕದ ಮನೆಯ ಅಜ್ಜಿಯ ಉಬ್ಬಸ. ಬಾವಲಿ ಸಾರು ಕುಡಿದರೆ ದಮ್ಮು ಕಟ್ಟುವುದು ನಿಲ್ಲುತ್ತದೆ ಎಂದು ಆಗೆಲ್ಲ ಜನ ನಂಬಿದ್ದರು. ಒಬ್ಬ ಅಜ್ಜಿಯ ಸಾರಿಗೆ ಒಂದು ಬಾವಲಿ ಸಾಕು. ಅದಕ್ಕೆ ಒಂದು ಜೀಪು, ಎರಡು ಕೋವಿ, ಒಂದು ಪೆಟ್ಟಿಗೆ ತೋಟೆ. "ನೀವೂ ಬನ್ನಿ, ಹುಡುಗ ಹುಡುಗಿ ಮುಖ ನೋಡ್ದಾಂಗೂ ಆಯ್ತು" ಎಂದು ಭಾವ ನನ್ನನ್ನೂ ಅಕ್ಕನನ್ನೂ ಜೀಪು ಹತ್ತಿಸಿದರು. ಅಕ್ಕ ರೊಟ್ಟಿ, ಕೋಳಿಸಾರಿನ ಬುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ದಾರಿಯಲ್ಲಿ ಭಾವ ನನ್ನ ಕಡೆ ತಿರುಗಿ ಮೆಲ್ಲಗೆ, "ಗಂಡಿನ ಜಾತಕ ಭಟ್ಟರು ನೋಡಿದ್ರು. ನಾ ಶಿಕಾರೀಲಿ ನೋಡ್ತೆ" ಎಂದರು. ನಾನು ಮುಖ ಆಚೆ ಮಾಡಿದೆ.

ಆ ಮರದ ವಾಸನೆ ಕೆರೆಯ ಈಚೆಗೇ ಹೊಡೆಯುತ್ತಿತ್ತು. ಹಿಕ್ಕೆ, ಹುಳಿತ ಹಣ್ಣು, ಒದ್ದೆ ತೊಗಲು, ಎಲ್ಲ ಸೇರಿದ ನಾತ. ಮೂಗಿಗೆ ಸೆರಗು ಒತ್ತಿ ಏರಿಯ ಮೇಲೆ ಕೂತೆವು. ಹುಡುಗ ಮರದ ಹತ್ತಿರಕ್ಕೆ ಹೋಗಲೇ ಇಲ್ಲ. ಈಚೆ ಏರಿಯ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಮಲಗಿ, ಒಂದು ಕಣ್ಣು ಮುಚ್ಚಿದ. ಟಪ್ ಎಂದಿತು. ದೊಡ್ಡ ಸದ್ದೂ ಇಲ್ಲ. ಆಚೆ ದಂಡೆಯಲ್ಲಿ ಒಂದು ಬಾವಲಿಯ ರೆಕ್ಕೆ ಬಿಚ್ಚಿ ಜೋಲಿತು.

ಜೋಲಿತೇ ಹೊರತು ಬೀಳಲಿಲ್ಲ. ಆ ಜೀವಿಗಳ ಕಾಲು ಸತ್ತ ಮೇಲೂ ಕೊಂಬೆ ಬಿಡುವುದಿಲ್ಲವಂತೆ. ಟಪ್, ಟಪ್. ಒಂದೊಂದೇ ಸತ್ತು ಅಲ್ಲೇ ನೇತಾಡಿದವು. ಬದುಕಿದವು ಕಿಚಗುಟ್ಟುತ್ತ ಎದ್ದು ಆಕಾಶವೆಲ್ಲ ಸುತ್ತಿ, ಹಗಲಲ್ಲಿ ಬೇರೆಲ್ಲಿಗೆ ಹೋಗಲೂ ತಿಳಿಯದೆ ಮತ್ತೆ ಅದೇ ಮರಕ್ಕೇ ಬಂದು ಜೋತುಬಿದ್ದವು. ಅವನು ನಗುತ್ತಾ ಮತ್ತೆ ತೋಟೆ ತುಂಬಿದ. ಬದುಕಿದವು ಸಾಲದೆ, ಸತ್ತು ನೇತಾಡುತ್ತಿದ್ದ ಒಂದಕ್ಕೆ ಹೊಡೆದ, ಮತ್ತೆ ಅದಕ್ಕೇ ಹೊಡೆದ. "ಬೀಳಂಗಿಲ್ಲಂದ್ರ ಬೀಳಿಸ್ತೀನಿ ಮಗನ್ನ!" ಕೊನೆಗೆ ಕಾಲು ತುಂಡಾಗಿ ಅದು ಬಿತ್ತು. ಭಾವ "ಭಲೆ, ಗುರಿ ಅಂದ್ರೆ ಗುರಿ!" ಎಂದು ತೊಡೆ ತಟ್ಟಿದರು. ಹೌದು, ತಟ್ಟಿದರು. ಆಮೇಲೆ ಅವರೂ ಆ ರೈಫಲ್ಲು ಇಸಿದುಕೊಂಡು ಮನಸಾರೆ ಹೊಡೆದರು. ಈ ಇಬ್ಬರಲ್ಲಿ ಯಾರು ಹೆಚ್ಚು ಅಸಹ್ಯ ಎಂದು ನಾನು ತೂಗುತ್ತಾ ಕೂತಿದ್ದೆ.

ಹುಡುಗ ದುರ್ಬೀನಿನಲ್ಲಿ ನೋಡು ಎಂದು ನನ್ನನ್ನು ಕರೆದ. ಬೇಡವೆಂದರೂ ಅಕ್ಕ ದಬ್ಬಿದಳು. ನೋಡಿದೆ. ಗುಂಡು ರೆಕ್ಕೆಗೆ ತಾಗಿದ ಒಂದು ಬಾವಲಿ ಒಂದೇ ಕಾಲಲ್ಲಿ ಜೋತು, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಬಾವಲಿಯ ಮುಖ ನಾನು ಅದುವರೆಗೆ ಕಂಡಿರಲಿಲ್ಲ. ನಾಯಿಮರಿಯ ಮುಖವೇ. ಅದು ನನ್ನನ್ನೇ ನೋಡಿದಂತಾಗಿ, ಕೆರೆಯ ಬದಿಗೆ ಓಡಿಹೋಗಿ ವಾಂತಿ ಮಾಡಿದೆ. ಹುಡುಗ ಬಿದ್ದು ಬಿದ್ದು ನಕ್ಕ.

"ಅದೊಂದು ಗಾಯದ್ದು ಉಳೀತು" ಎಂದರು ಭಾವ. "ಹೊಡಿ ಅದನ್ನ. ಆಮೇಲೆ ಊಟ."

"ಬಿಡ್ರಿ, ತಾನಾ ಸಾಯ್ತೈತಿ. ಅದಕ್ಕ್ಯಾಕ ತೋಟೆ ದಂಡ? ಬುತ್ತಿ ಬಿಚ್ಚಸ್ರಿ, ಹಸಿವ್ಯಾಗೇತಿ."

"ತಾನೇ ಸಾಯೂದಕ್ಕೆ ಮೂರು ದಿನ ಬೇಕು ತಮ್ಮಾ."

"ಬಾವಲಿರೀ ಅದು! ಹುಲಿ ಅಲ್ಲ." ಅವನು ಆಗಲೇ ಎಲೆಯ ಮುಂದೆ ಕೂತಾಗಿತ್ತು.

ಭಾವ ರೈಫಲ್ಲನ್ನು ಕಂಬಳಿಯ ಮೇಲೆ ಇಟ್ಟು, ಜೀಪಿನಿಂದ ತಮ್ಮ ಹಳೇ ಕೋವಿ ತೆಗೆದರು. ಅದಕ್ಕೆ ದೂರದ ಗುರಿ ಇಲ್ಲ, ಮರದ ಬುಡಕ್ಕೇ ಹೋಗಬೇಕು. ಕೆರೆ ಸುತ್ತಿ, ಜವುಗಿನಲ್ಲಿ ಮೊಣಕಾಲ ತನಕ ಹೂತುಕೊಂಡು, ಆ ದಪ್ಪ ಮನುಷ್ಯ ನಡೆದುಹೋದರು. ಮೇಲಿಂದ ಹಿಕ್ಕೆ ತೊಟ್ಟಿಕ್ಕುತ್ತಿದ್ದ ಮರದ ಕೆಳಗೆ ನಿಂತು, ಮದ್ದು ಗಿಡಿದು, ಕತ್ತೆತ್ತಿ ಬಹಳ ಹೊತ್ತು ಹುಡುಕಿದರು. ಕೋವಿ ಗುಡುಗಿತು. ಹಿಡಿದಿದ್ದ ಕೊಂಬೆಯ ಸಮೇತ ಅದು ಬಿತ್ತು.

ವಾಪಸು ಬಂದಾಗ ಅವರ ತಲೆ, ಹೆಗಲು, ಆ ನೀಲಿ ಕೆನ್ನೆ ಎಲ್ಲ ಬಾವಲಿ ಹಿಕ್ಕೆ. ನಾರುತ್ತಿದ್ದರು. ಅಕ್ಕ ಕೆರೆಯ ನೀರು ತಂದು ಕೊಟ್ಟು, ಹುಡುಗನ ಪಕ್ಕದಲ್ಲಿ ಎಲೆ ಹಾಕಿದಳು. ಬಿಸಿ ಆರದ ಕೋಳಿಸಾರು, ಆ ರೊಟ್ಟಿ.

"ನಂಗೆ ಬೇಡ" ಎಂದರು ಭಾವ.

"ಎಂತಕ್ಕೆ? ಹೊಟ್ಟೆ ಸಮ ಇಲ್ವಾ?" ಎಂದಳು ಅಕ್ಕ.

"ಹಸಿವಿಲ್ಲೆ." ದೂರ ಹೋಗಿ ಜೀಪಿಗೆ ಬೆನ್ನು ಕೊಟ್ಟು ಕೂತರು. ಅವರಿಗೆ ಹಸಿವಿಲ್ಲವಂತೆ! ಅಕ್ಕ ನನ್ನ ಮುಖ ನೋಡಿದಳು, ನಾನು ಅವಳದು. ಹುಡುಗ ಚೆನ್ನಾಗಿ ಉಂಡ.

ಅವನು ಯಲ್ಲಾಪುರಕ್ಕೆ ಹೊರಟು ನಿಂತಾಗ ಭಾವ ರೈಫಲ್ಲನ್ನು ತಾವೇ ಒರೆಸಿ ಜೀಪಿನಲ್ಲಿಟ್ಟರು. ಒಂದು ಸಲ ಮಾತ್ರ ಅದರ ದುರ್ಬೀನಿನ ಮೇಲೆ ಕೈಯಾಡಿಸಿದರು. "ಇದು ನಿಮ್ಮಲ್ಲೇ ಇರಲಿ. ಸಂಬಂಧದ್ದು ಬೇರೆ ಕಡೆ ನೋಡಿ ಅಂತ ನಿಮ್ಮ ಅಪ್ಪಯ್ಯಂಗೆ ಹೇಳು. ನಾನೂ ಬಂದು ಹೇಳ್ತೆ." ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಏನೇನೋ ಅಂದ, ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಅಕ್ಕ ಅಂಗಳದಲ್ಲೇ ತಲೆ ತಲೆ ಬಡಿದುಕೊಂಡಳು. "ಮಾತು ಕೊಟ್ಟಾಗಿದೆ! ಊರಲ್ಲಿ ಮುಖ ಎತ್ತೂದು ಹೆಂಗೆ? ಒಂದು ಬಾವಲಿಗಾಗಿ ತಂಗಿ ಬಾಳಿಗೆ ಮಣ್ಣು ಹಾಕ್ತ್ರ್ಯಾ?"

"ತಾನು ಮಾಡಿದ ಗಾಯ ತಾನು ನೋಡೂಕಾಗದವನಿಗೆ ನಾ ಹೆಣ್ಣು ಕೊಡೂದಿಲ್ಲ" ಎಂದರು ಭಾವ. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ಬೇಕನೆ ಅಂವ?" ಎಂದು ಕೇಳಿದರು. ಆ ಸಂಬಂಧದ ಮಾತು ಶುರುವಾದ ಮೇಲೆ ನನ್ನನ್ನು ಕೇಳಿದವರು ಅವರೊಬ್ಬರೇ.

"ಬೇಡ" ಎಂದೆ. ಕಟ್ಟೆ ಒಡೆದ ಹಾಗಾಗಿ ಉಳಿದದ್ದೂ ಬಂದುಬಿಟ್ಟಿತು. "ನಿಮ್ಮ ಕೋವಿಯೂ ಬೇಡ, ಶಿಕಾರಿಯೂ ಬೇಡ. ನೀವೂ ಹೊಡೆದ್ರಿ. ತೊಡೆ ತಟ್ಟಿ ಹೊಡೆದ್ರಿ. ನಂಗೆ ನಿಮ್ಮನ್ನ ಕಂಡ್ರೂ ಹೇಸಿಗೆ!"

ಅಕ್ಕ ಬಾಯಿಗೆ ಕೈ ಇಟ್ಟಳು. ಭಾವ ಕೆನ್ನೆ ಕೆರೆದುಕೊಂಡರು. "ಅದಿರಲಿ" ಎಂದರು. "ಟ್ರೇನಿಂಗಿಗೆ ಅರ್ಜಿ ಯಾವಾಗ ಹಾಕೂದು?"

ಆ ದಿನದಿಂದ ಭಾವ ಕೋವಿ ಬಿಟ್ಟರು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತಿತ್ತು. ಬಿಡಲಿಲ್ಲ. ಮುಂದಿನ ಭಾನುವಾರವೇ ಒಗೆಯುವ ಕಲ್ಲಿನ ಮೇಲೆ ಮೊಲ ಇತ್ತು. ಯಲ್ಲಾಪುರದವರು ಸಿದ್ದಾಪುರದ ಪೇಟೆಯಲ್ಲಿ ಅವರ ಮರ್ಯಾದೆ ತೆಗೆದರು, ಅವರು ಅದಕ್ಕೂ ಕೆನ್ನೆ ಕೆರೆದುಕೊಂಡರು. ನನ್ನ ಟ್ರಂಕು ಹೆಗಲ ಮೇಲೆ ಹೊತ್ತು ಬಸ್ಸಿಗೆ ಹತ್ತಿಸಿದರು. ನಾನು ಶಾಲೆಗೆ ಅಕ್ಕೋರಾಗಿ ಸೇರಿದ ಮೇಲೂ, ಮದುವೆಯಾದ ಮೇಲೂ, ಅವರ ಮನೆಗೆ ಹೋದರೆ ಮಜ್ಜಿಗೆ ಅನ್ನ ಮಾತ್ರ ಉಣ್ಣುತ್ತಿದ್ದೆ. "ಹೇಸಿಗೆ ಅಕ್ಕೋರು ಬಂದ್ರು" ಎಂದು ಅವರು ನನಗೆ ಹೆಸರಿಟ್ಟಿದ್ದರು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಅವರಿಗೆ ಸಕ್ಕರೆ ಕಾಯಿಲೆ. ಕಾಲಿಗೆ ಚುಚ್ಚಿದ ಒಂದು ಮುಳ್ಳು ಕೀವಾಗಿ, ಪಾದ ಕಪ್ಪಾಯಿತು. ಶಿರಸಿಯ ಡಾಕ್ಟರು ಕಾಲು ತೆಗೆಯಬೇಕು ಎಂದರು, ಇವರು ಒಪ್ಪದೆ ಮನೆಗೆ ಬಂದರು. ಆ ನಾತಕ್ಕೆ ಮನೆಯವರು ಮಂಚವನ್ನು ಹೊರಗಿನ ಜಗಲಿಗೆ ಹಾಕಿದರು. ಮಕ್ಕಳು ಊಟದ ತಟ್ಟೆ ದೂರದಿಂದ ಸರಿಸುತ್ತಿದ್ದರು. ಅಕ್ಕ ಪಟ್ಟಿ ಬಿಚ್ಚಲು ಹೋಗಿ ಎರಡು ಸಲ ತಲೆತಿರುಗಿ ಬಿದ್ದಳು. ಅವಳನ್ನು ಬೈಯಲಾರೆ. ಗೋಳಿಮರದ ಕೆಳಗಿನ ನಾತ ಅದರ ಮುಂದೆ ಏನೂ ಅಲ್ಲ.

ನಾನು ಶಾಲೆಗೆ ರಜೆ ಬರೆದು ಹೋದೆ. ಬಿಸಿನೀರು, ಬೇವಿನೆಲೆ, ಹಳೇ ಸೀರೆಯ ಪಟ್ಟಿ ತಂದು ಕಾಲ ಬುಡದಲ್ಲಿ ಕೂತೆ. ಪಟ್ಟಿ ಬಿಚ್ಚಿದಾಗ, ಅಂದು ಕೆರೆಯ ಬದಿಗೆ ಓಡಿದ ಹಾಗೆಯೇ ಎದ್ದು ಓಡಬೇಕು ಅನಿಸಿತು. ಹುಳ ಬಿದ್ದಿತ್ತು. ಹಲ್ಲು ಕಚ್ಚಿ ಒಂದೊಂದೇ ತೆಗೆದೆ. ಭಾವ ಜಗಲಿಯ ಹಂಚಿನ ಮಾಡು ನೋಡುತ್ತಾ ಮಲಗಿದ್ದವರು ಕತ್ತು ತಿರುಗಿಸಿದರು. ಕೆನ್ನೆ ಒಳಗೆ ಹೋಗಿ, ಚುಕ್ಕೆಗಳೆಲ್ಲ ಒಂದೇ ಕಡೆ ಕೂಡಿಕೊಂಡಿದ್ದವು.

"ಹೇಸಿಗೆ ಆಗೂದಿಲ್ಲನೆ ನಿಂಗೆ?"

"ಆಗ್ತದೆ" ಎಂದೆ. "ಕಾಲು ಈಚೆ ಕೊಡಿ."

ಅವರು ಕೊಟ್ಟರು. ತೀರಿಕೊಳ್ಳುವ ತನಕ ದಿನಾ ಬೆಳಿಗ್ಗೆ ಕೊಟ್ಟರು.