ಒಲೆಯ ಮುಂದಿನ ಬೆನ್ನು

ಓಣಿಯವರೆಲ್ಲ ಅವಳನ್ನು ಚಿತ್ರದಕ್ಕ ಎಂದೇ ಕರೆಯುತ್ತಿದ್ದರು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕಸುಬು. ಅವಳ ಕರಡಿಗೆ ಹೊಟ್ಟೆ ಜೋತುಬಿದ್ದಿರುತ್ತಿತ್ತು, ನರಿಗೆ ಅಲ್ಲಲ್ಲಿ ಕೂದಲು ಉದುರಿರುತ್ತಿತ್ತು, ರಾಜನಿಗೆ ಸಂಬಳ ಬಾರದ ಗುಮಾಸ್ತನ ಮುಖವಿರುತ್ತಿತ್ತು. ಮಕ್ಕಳಿಗೆ ಅದೇ ಇಷ್ಟ. ಆದರೆ ಆ ಪುಸ್ತಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದವರಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಪ್ರತಿ ಪುಸ್ತಕದಲ್ಲೂ ಯಾವುದೋ ಒಂದು ಪುಟದ ಮೂಲೆಯಲ್ಲಿ ಒಬ್ಬ ಹೆಂಗಸು ಬೆನ್ನು ಮಾಡಿ ನಿಂತಿರುತ್ತಿದ್ದಳು. ಒಮ್ಮೆ ಕರಡಿಯ ಗುಹೆಯೊಳಗೆ, ಒಮ್ಮೆ ಅರಮನೆಯ ಅಡುಗೆಕೋಣೆಯಲ್ಲಿ, ಇನ್ನೊಮ್ಮೆ ಎಲ್ಲೋ ದೂರದ ಮನೆಯ ಕಿಟಕಿಯಾಚೆ. ಮೈಭಾರವೆಲ್ಲ ಬಲಗಾಲಿನ ಮೇಲೆ. ಎಡಗಾಲಿನ ಅಂಗಾಲು ಬಲಗಾಲಿನ ಮೀನಖಂಡಕ್ಕೆ ಒತ್ತಿಕೊಂಡಿರುತ್ತಿತ್ತು. ತುರುಬು ಎಡಕ್ಕೆ ಜಾರಿರುತ್ತಿತ್ತು. ಮುಖ ಯಾವ ಪುಸ್ತಕದಲ್ಲೂ ಇಲ್ಲ.

ಚಿತ್ರದಕ್ಕನಿಗೆ ಮದುವೆಯಾಗಿರಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಇವಳ ಮನೆಗೇ ಬಂದು ಉಳಿದುಕೊಂಡಿದ್ದಳು. ಅತ್ತಿಗೆಗೆ ಬಾಯಿ ಜಾಸ್ತಿ, ಕಣ್ಣು ಇನ್ನೂ ಜಾಸ್ತಿ. ಮನೆಗೆ ಬಂದ ವಾರದಲ್ಲೇ ಒಂದು ವಿಚಿತ್ರ ಗಮನಿಸಿದಳು. ಚಿತ್ರದಕ್ಕ ಅಡುಗೆಮನೆಗೆ ಕಾಲಿಡುವ ಮೊದಲು ಹೊಸ್ತಿಲಾಚೆ ನಿಂತು ಒಮ್ಮೆ ಕೆಮ್ಮುತ್ತಿದ್ದಳು.

"ಯಾಕೆ ಹಾಗೆ ಕೆಮ್ತೀಯ? ಒಳಗೆ ಯಾರಿದಾರೆ ಅಂತ? ನಮ್ಮ ಮನೇಲಿ ಕದಿಯೋಕೆ ಇಲಿಗೂ ಏನೂ ಸಿಗಲ್ಲ."

"ಅಭ್ಯಾಸ, ಅತ್ತಿಗೆ."

"ಅಭ್ಯಾಸ ಯಾಕಾಯ್ತು ಅಂತ ಕೇಳ್ದೆ."

ಚಿತ್ರದಕ್ಕ ಒಳಗೆ ಹೋಗಿ ಒಲೆ ಹಚ್ಚಿದಳು. ಒಂದು ಬೆನ್ನು ಮೂವತ್ತು ವರ್ಷದಿಂದ ತನ್ನನ್ನು ಹಿಂಬಾಲಿಸುತ್ತಿದೆ ಎಂದು ಯಾರಿಗೆ ತಾನೇ ಹೇಳುವುದು?

ಅವಳು ಚಿತ್ರ ಕಲಿತದ್ದು ಸೋದರಮಾವನ ಫೋಟೊ ಸ್ಟುಡಿಯೊದಲ್ಲಿ. ಆಗ ಎಲ್ಲರ ಮನೆಯಲ್ಲೂ ಫೋಟೊ ಇರುತ್ತಿರಲಿಲ್ಲ. ಯಾರಾದರೂ ಸತ್ತ ಮೇಲೆ ಮನೆಯವರಿಗೆ ಎಚ್ಚರವಾಗುತ್ತಿತ್ತು. ಅಯ್ಯೋ, ಒಂದು ಪಟವೂ ಇಲ್ಲವಲ್ಲ! ಅಂಥವರು ಮಾವನ ಹತ್ತಿರ ಬಂದು ಸತ್ತವರ ಮುಖವನ್ನು ಬಾಯಲ್ಲಿ ಹೇಳುತ್ತಿದ್ದರು, ಸೋದರಸೊಸೆಯಾದ ಇವಳು ಅದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಮಾವ ಹಳೆಯ ಫೋಟೊಗಳಿಂದ ಮೂಗು, ಕಣ್ಣು, ಗಲ್ಲಗಳನ್ನು ಕತ್ತರಿಸಿ ಒಂದು ರಟ್ಟಿಗೆ ಅಂಟಿಸಿಟ್ಟಿದ್ದ. "ಇದರ ಹಾಗಿತ್ತಾ? ಅದರ ಹಾಗಾ?" ಎಂದು ಬಟ್ಟೆ ಅಂಗಡಿಯವನ ಹಾಗೆ ತೋರಿಸುತ್ತಿದ್ದ. ಸೊಸೆಗೆ ಅವನು ಹೇಳಿಕೊಟ್ಟ ಪಾಠ ಒಂದೇ.

"ಅವರು ಹೇಳಿದ್ದನ್ನೆಲ್ಲ ಬರೀತಾ ಕೂರಬೇಡ, ಪುಟ್ಟಿ. ಅವರು ಅಳೋ ತನಕ ಬರಿ. ಅತ್ರು ಅಂದ್ರೆ ಮುಖ ಸಿಕ್ತು ಅಂತ ಲೆಕ್ಕ. ಪೆನ್ಸಿಲ್ ಕೆಳಗಿಡು."

ಹಾಗೆ ಬಂದವರಲ್ಲಿ ಒಬ್ಬ ನೂಲಿನ ಗಿರಣಿಯವನು. ಹೆಂಡತಿ ಜ್ವರದಲ್ಲಿ ಹೋಗಿದ್ದಳು. ಮೂರು ನಾಲ್ಕು ವರ್ಷದ ಮಗಳ ಕೈ ಹಿಡಿದುಕೊಂಡು ಬಂದಿದ್ದ. ಮಗುವನ್ನು ಬೆಂಚಿನ ಮೇಲೆ ಕೂರಿಸಿ ತಾನು ಅದರ ಪಕ್ಕ ತುದಿಯಲ್ಲಿ ಕೂತ.

"ಮೂಗು ಹೇಗಿತ್ತಪ್ಪ?" ಮಾವ ಕೇಳಿದ.

"ಮೂಗು... ಮೂಗಿನ ಥರಾನೇ ಇತ್ತು, ಸಾರ್."

"ಉದ್ದವೋ, ಮೊಂಡೋ?"

ಗಿರಣಿಯವನು ರಟ್ಟಿನ ಮೇಲಿನ ಮೂಗುಗಳನ್ನೆಲ್ಲ ನೋಡಿದ. ಒಂದರ ಮೇಲೆ ಬೆರಳಿಟ್ಟು ಹಿಂದಕ್ಕೆ ತೆಗೆದ. ಕಣ್ಣಿಗೂ ಹಾಗೇ, ಗಲ್ಲಕ್ಕೂ ಹಾಗೇ. ಮಾವನಿಗೆ ತಾಳ್ಮೆ ಕೆಟ್ಟಿತು.

"ಅಲ್ಲಯ್ಯಾ, ಇಷ್ಟು ವರ್ಷ ಸಂಸಾರ ಮಾಡಿದ್ದು ಯಾರ ಜೊತೆ, ಗೋಡೆ ಜೊತೆನಾ?"

"ನಂದು ರಾತ್ರಿ ಪಾಳಿ, ಸಾರ್," ಎಂದ ಅವನು. "ನಾನು ಬೆಳಗಿನ ಜಾವ ಮನೆಗೆ ಬರೋ ಹೊತ್ತಿಗೆ ಅವಳು ಒಲೆ ಮುಂದೆ ಇರ್ತಿದ್ಲು. ಊಟ ಇಟ್ಟಿದೀನಿ ಅಂತಿದ್ಲು. ನಾನು ಉಂಡು ಮಲಗ್ತಿದ್ದೆ. ಏಳೋ ಹೊತ್ತಿಗೆ ಮತ್ತೆ ಒಲೆ ಮುಂದೆ." ಅವನು ಎದ್ದು ನಿಂತ. "ಹೀಗೆ ನಿಲ್ತಿದ್ಲು."

ಆ ದಪ್ಪ ಮೈಯ ಗಂಡಸು ಗೋಡೆಯ ಕಡೆ ತಿರುಗಿ, ಬಲಗಾಲ ಮೇಲೆ ಭಾರ ಹಾಕಿ, ಎಡಗಾಲೆತ್ತಿ ಅಂಗಾಲನ್ನು ಮೀನಖಂಡಕ್ಕೆ ಒತ್ತಿ ನಿಂತ. ಕತ್ತು ಒಂದಿಷ್ಟು ವಾಲಿತು, ಬಲ ಮೊಣಕೈ ಸೌಟು ತಿರುಗಿಸುವ ಹಾಗೆ ಆಡತೊಡಗಿತು. ನಗು ಬರಬೇಕಾದ ದೃಶ್ಯ. ಯಾರೂ ನಗಲಿಲ್ಲ. ಆ ಮೈಯೊಳಗೆ ಬೇರೊಬ್ಬರು ಬಂದು ನಿಂತಂತಿತ್ತು. ಸೊಸೆಯ ಪೆನ್ಸಿಲ್ ತಾನಾಗಿಯೇ ಓಡಿತು.

ಬರೆದು ಮುಗಿಸಿದ ಹಾಳೆಯನ್ನು ಅವನು ಕೈಗೆ ತೆಗೆದುಕೊಂಡ.

"ಇವಳೇ," ಎಂದ. "ಇವಳೇ ಅವಳು. ತಿರುಗಿಸಿ."

"ಏನು?"

"ಇವಳನ್ನ ಈ ಕಡೆ ತಿರುಗಿಸಿ, ಅಮ್ಮಾ."

ಅವಳು ಇನ್ನೊಂದು ಹಾಳೆ ತೆಗೆದುಕೊಂಡಳು. ಅಷ್ಟರಲ್ಲಿ ಅವನು ಮಗಳನ್ನು ಎತ್ತಿಕೊಂಡು ಹಾಳೆಯನ್ನು ಬೆಂಚಿನ ಮೇಲೆಯೇ ಬಿಟ್ಟು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಮೆಟ್ಟಿಲಿಳಿದು ಹೋಗಿಬಿಟ್ಟ. ಮತ್ತೆ ಬರಲಿಲ್ಲ. ಹಾಳೆಯನ್ನು ಅವಳೇ ಎತ್ತಿಟ್ಟುಕೊಂಡಳು.

ಮುಂದೆ ಮಾವ ಹೋದ, ಸ್ಟುಡಿಯೊ ಮುಚ್ಚಿತು. ಅವಳು ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಚಿತ್ರ ಬರೆಯಲು ಸೇರಿದಳು, ಅಲ್ಲಿಂದ ಪುಸ್ತಕಗಳಿಗೆ ಬಂದಳು. ಮೊದಲ ಪುಸ್ತಕದಲ್ಲಿ ಅಜ್ಜಿಯೊಬ್ಬಳ ಅಡುಗೆಮನೆ ಬರೆಯುವಾಗ ಒಲೆಯ ಮುಂದೆ ಆ ಬೆನ್ನು ತಾನಾಗಿಯೇ ಬಂದು ನಿಂತಿತು. ಅವಳು ತಡೆಯಲಿಲ್ಲ. ಆ ಪುಟ ಉಳಿದ ಪುಟಗಳಿಗಿಂತ ಚೆನ್ನಾಗಿ ಬಂತು. ಎರಡನೆಯದರಲ್ಲೂ ಹಾಗೇ ಆಯಿತು. ಬೆನ್ನು ಬರುವ ತನಕ ಪುಸ್ತಕಕ್ಕೆ ಜೀವವೇ ಬರುತ್ತಿರಲಿಲ್ಲ. ಬಂದಮೇಲೆ ಕರಡಿ, ನರಿ, ರಾಜ ಎಲ್ಲ ಹಿಂದೆಯೇ ಬರುತ್ತಿದ್ದವು. ಹಲವು ಸಲ ಅವಳನ್ನು ತಿರುಗಿಸಲು ನೋಡಿದಳು. ತಿರುಗಿದಾಗಲೆಲ್ಲ ಬೇರೆ ಯಾರದೋ ಮುಖ ಬರುತ್ತಿತ್ತು. ಹಾಲು ಮಾರುವವಳದು, ಬಸ್ಸಿನಲ್ಲಿ ಎದುರು ಕೂತವಳದು, ಒಂದು ಸಲ ತನ್ನ ಸತ್ತ ತಾಯಿಯದೇ. ಆ ಹಾಳೆಯನ್ನು ಹರಿದು ಹಾಕಿ, ಕತ್ತಲಾಗುವ ತನಕ ಮೆಟ್ಟಿಲ ಮೇಲೆ ಕೂತಿದ್ದಳು.

ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಅಡುಗೆಮನೆಯಿಂದ ಸೌಟು ಪಾತ್ರೆಯ ಅಂಚಿಗೆ ತಾಗಿದ ಸದ್ದು ಕೇಳುತ್ತಿತ್ತು. ಅದು ಇತ್ತೋ ಇಲ್ಲವೋ, ಅವಳಿಗಂತೂ ಕೇಳುತ್ತಿತ್ತು. ಅದಕ್ಕೇ ಆ ಕೆಮ್ಮು. ಒಳಗಿರುವವಳು ಬೆಚ್ಚಿ ತಿರುಗಿಬಿಟ್ಟರೆ ಎಂಬ ಭಯ.

ಒಂದು ದಿನ ಗ್ರಂಥಾಲಯದವರು ಮಕ್ಕಳ ಜೊತೆ ಮಾತನಾಡಲು ಅವಳನ್ನು ಕರೆದರು. ಎಲ್ಲರೂ ಕೇಳುವ ಪ್ರಶ್ನೆಯನ್ನೇ ಅಲ್ಲೂ ಕೇಳಿದರು. ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತೆ? ಅವಳ ಹತ್ತಿರ ಸಿದ್ಧ ಉತ್ತರವಿತ್ತು. ಮೋಡಗಳಿಂದ, ಕಾಗೆಗಳಿಂದ, ಮಾಟಗಾತಿ ಬೇಕಾದಾಗ ಅತ್ತಿಗೆಯ ಮೂಗಿನಿಂದ. ಮಕ್ಕಳು ನಕ್ಕವು. ಎಲ್ಲರೂ ಹೋದ ಮೇಲೆ ಆರೇಳು ವರ್ಷದ ಹುಡುಗಿಯ ಕೈ ಹಿಡಿದ ಹೆಂಗಸೊಬ್ಬಳು ಮೇಜಿನ ಹತ್ತಿರ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳಂತೆ. ಕೈಯಲ್ಲಿದ್ದ ಪುಸ್ತಕ ಬಿಡಿಸಿ ಮೂಲೆಯ ಮೇಲೆ ಬೆರಳಿಟ್ಟಳು.

"ತಪ್ಪು ತಿಳ್ಕೋಬೇಡಿ, ಅಕ್ಕಾ. ಇವಳು ಯಾರು?"

"ಯಾರೂ ಇಲ್ಲಮ್ಮ. ಸುಮ್ನೆ ಜಾಗ ತುಂಬಿಸೋಕೆ."

"ಮೊನ್ನೆ ಒಲೆ ಮುಂದೆ ನಿಂತಿದ್ದೆ. ಈ ನನ್ನ ಮಗಳು ಪುಸ್ತಕ ಹಿಡ್ಕೊಂಡು ಬಂದು, 'ಅಮ್ಮಾ, ಇದರಲ್ಲಿ ನೀನಿದೀಯ' ಅಂದ್ಲು. ನೋಡಿದ್ರೆ, ನನ್ನ ಕಾಲು ಹೀಗೇ ಇತ್ತು. ನನಗೆ ಯಾರೂ ಹೇಳ್ಕೊಟ್ಟಿದ್ದಲ್ಲ. ಹೋಗಿ ಅಪ್ಪನಿಗೆ ತೋರಿಸ್ದೆ." ಅವಳ ದನಿ ಇಳಿಯಿತು. "ಅವತ್ತು ಅಪ್ಪ ಊಟ ಮುಟ್ಟಲಿಲ್ಲ. ಆಮೇಲೆ, ಯಾವುದೋ ಸ್ಟುಡಿಯೊ, ಅಲ್ಲೊಬ್ಬ ಹುಡುಗಿ ಬರೀತಿದ್ಲು ಅಂದ್ರು."

"ನೀನು ಬೆಂಚಿನ ಮೇಲೆ ಕೂತಿದ್ದೆ," ಎಂದಳು ಚಿತ್ರದಕ್ಕ.

ಹಾಗೆ ಹೇಳುತ್ತಲೇ ಅವಳ ಕಣ್ಣು ಆ ಹೆಂಗಸಿನ ಮುಖದ ಮೇಲೆ ಹರಿದಾಡಿತು. ಹುಬ್ಬು, ಮೂಗು, ತುಟಿಯ ಅಂಚು. ಕೊನೆಗೂ ಸಿಕ್ಕಿತು ಎನಿಸಿತು. ಮರುಗಳಿಗೆಯೇ ನಾಚಿಕೆಯಾಯಿತು. ತಾಯಿಯಿಲ್ಲದ ಮಗಳ ಮುಖವನ್ನು ಕಳ್ಳಿಯ ಹಾಗೆ ದೋಚುತ್ತಿದ್ದೇನಲ್ಲ ಎಂದು.

ಆ ಭಾನುವಾರ ಹಳೆಯ ಹಾಳೆಯನ್ನು ತೆಗೆದುಕೊಂಡು ಅವರ ಮನೆಗೆ ಹೋದಳು. ಗಿರಣಿಯವನು ಮುದುಕನಾಗಿದ್ದ. ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಅಂಚು ಹಳದಿಯಾದ ಹಾಳೆಯನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ.

ಚಿತ್ರದಕ್ಕ ಮೆಲ್ಲಗೆ ಕೇಳಿದಳು, "ನಿಮ್ಮ ಮಗಳ ಮುಖ ಅವರದೇ ಥರಾನಾ?"

"ಇಲ್ಲಮ್ಮ. ಇವಳು ಪೂರ್ತಿ ನಮ್ಮಕ್ಕ. ಕೋಪ ಬಂದ್ರಂತೂ ಅವಳೇ ಎದ್ದು ಬಂದ ಹಾಗಿರ್ತಾಳೆ." ಬಾಗಿಲಲ್ಲಿದ್ದ ಮಗಳು ನಕ್ಕಳು. ಮುದುಕ ನಗಲಿಲ್ಲ. "ಅವತ್ತು ತಿರುಗಿಸಿ ಅಂದೆ ನಿಮಗೆ. ನೀವು ಹಾಳೆ ತಗೊಂಡ್ರಿ. ಆಗ ನಂಗೆ ಹೆದರಿಕೆ ಆಯ್ತು."

"ಯಾಕೆ?"

"ನೀವು ತಿರುಗಿಸಿ, ನನಗೆ ಗುರುತು ಸಿಗದೇ ಹೋಗಿದ್ರೆ? ಅವಳು ಎದುರಿಗೇ ಬಂದು ನಿಂತು, ನಾನು ಇವಳ್ಯಾರು ಅಂತ ಕೇಳೋ ಹಾಗಾಗಿದ್ರೆ?" ಅವನು ಹಾಳೆಯನ್ನು ಎದೆಗೆ ಒತ್ತಿಕೊಂಡ. "ಅದಕ್ಕೇ ಓಡಿಹೋದೆ, ತಾಯಿ."

ಹಾಳೆಯನ್ನು ಚಿತ್ರದಕ್ಕ ಅಲ್ಲೇ ಬಿಟ್ಟು ಬಂದಳು. ಮಗಳು ಅದಕ್ಕೆ ಚೌಕಟ್ಟು ಹಾಕಿಸಿ ಮಂಚದ ಎದುರಿನ ಗೋಡೆಗೆ ತೂಗುಹಾಕಿದಳು. ಅಲ್ಲಿಗೆ ಮುಗಿಯಿತು ಎಂದು ಚಿತ್ರದಕ್ಕ ಅಂದುಕೊಂಡಳು. ಅಡುಗೆಮನೆಯೂ ಕೆಲವು ದಿನ ನಿಶ್ಶಬ್ದವಾಗಿತ್ತು.

ಒಂದು ಸಂಜೆ ಮಗಳ ಫೋನ್ ಬಂತು. "ಅಕ್ಕಾ, ಅಪ್ಪ ಒಂದು ಮಾತು ಹೇಳೋಕೆ ಹೇಳಿದ್ರು. ಎಡಗಿವಿಯ ಹಿಂದೆ ಮಚ್ಚೆ ಇತ್ತಂತೆ."

ಚಿತ್ರದಕ್ಕ ಹೊಸ ಹಾಳೆಯ ಮೇಲೆ ಬೆನ್ನು ಬರೆದು ಮಚ್ಚೆ ಇಟ್ಟಳು. ಸ್ವಲ್ಪ ದಿನ ಕಳೆದ ಮೇಲೆ ಇನ್ನೊಂದು ಫೋನ್. ಕಿವಿಯ ತೂತು ಜಗ್ಗಿ ಹರಿಯುವ ಹಾಗಿತ್ತು. ಆಮೇಲೆ, ಕೆನ್ನೆಯ ಮೇಲೆ ಚಿಕ್ಕಂದಿನ ಸಿಡುಬಿನ ಕಲೆಗಳಿದ್ದವು. ಮುದುಕ ಇಡೀ ದಿನ ಆ ಬೆನ್ನನ್ನೇ ನೋಡುತ್ತ ಮಲಗಿರುತ್ತಿದ್ದನಂತೆ. ಅವನ ನೆನಪು ಅವಳ ಹಿಂದಿನಿಂದ ಹೊರಟು, ಮೆಲ್ಲಮೆಲ್ಲನೆ ಸುತ್ತು ಹಾಕಿಕೊಂಡು ಮುಂದಕ್ಕೆ ಬರುತ್ತಿತ್ತು.

ಸೌಟಿನ ಸದ್ದು ಮತ್ತೆ ಶುರುವಾಯಿತು. ಈಗ ಬೇರೆ ಥರ ಕೇಳುತ್ತಿತ್ತು, ನಿಂತವಳು ಕಾಲು ಬದಲಿಸಿದ ಹಾಗೆ. ಒಂದೊಂದು ಫೋನ್ ಬಂದಾಗಲೂ ಒಳಗಿರುವವಳು ಒಂದೊಂದು ಕೂದಲೆಳೆ ಈ ಕಡೆ ಹೊರಳುತ್ತಿದ್ದಾಳೆ ಎನಿಸಿ ಚಿತ್ರದಕ್ಕ ಈಗ ಹೊಸ್ತಿಲಲ್ಲಿ ಎರಡೆರಡು ಸಲ ಕೆಮ್ಮುತ್ತಿದ್ದಳು. ಒಂದು ಸಲ ಫೋನ್ ಹೊಡೆದುಕೊಳ್ಳುತ್ತಿದ್ದರೂ ಎತ್ತದೆ ಕೂತಳು. ಅತ್ತಿಗೆ ಗೊಣಗಿಕೊಂಡು ಬಂದು ಎತ್ತಿದಳು.

"ಹುಬ್ಬು ಕೂಡಿಕೊಂಡಿತ್ತಂತೆ," ಎಂದು ಫೋನ್ ಕೆಳಗಿಟ್ಟಳು. "ಯಾರ ಹುಬ್ಬು, ಯಾಕೆ ಕೂಡಿಕೊಂಡಿತ್ತು, ನನಗೊಂದೂ ಅರ್ಥ ಆಗಲ್ಲ ಈ ಮನೇಲಿ. ನಿನ್ನ ಮುಖ ಯಾಕೆ ಹಾಗೆ ಬಿಳಿಚಿಕೊಂಡಿದೆ?"

"ಅತ್ತಿಗೆ, ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳಿ," ಎಂದಳು ಚಿತ್ರದಕ್ಕ. ಅತ್ತಿಗೆ ಪಕ್ಕದಲ್ಲಿ ಕೂತು, ಅವಳ ಬಣ್ಣ ಮೆತ್ತಿದ ಬೆರಳುಗಳನ್ನು ಹಿಡಿದುಕೊಂಡಳು.

ಹುಬ್ಬು ಆದಮೇಲೆ ಕಣ್ಣಿನ ಕೊನೆ ಬಂತು. ಸ್ವಲ್ಪ ಕೆಳಗಿಳಿದಿತ್ತಂತೆ, ಸದಾ ನಿದ್ದೆಗೆಟ್ಟವಳ ಹಾಗೆ. ಅದಾದ ಮೇಲೆ ಬಹಳ ದಿನ ಫೋನ್ ಬರಲಿಲ್ಲ. ಕಡೆಗೆ ಬಂದದ್ದು ಮುದುಕ ಹೋದ ಸುದ್ದಿ.

ಚಿತ್ರದಕ್ಕ ಹೋದಾಗ ಮಂಚ ಖಾಲಿಯಾಗಿತ್ತು. ಗೋಡೆಯ ಮೇಲೆ ಚೌಕಟ್ಟು ಇತ್ತು, ಆದರೆ ಅದರ ಹಿಂಬದಿಯ ರಟ್ಟು ಕೋಣೆಯ ಕಡೆಗಿತ್ತು.

"ಕೊನೇಲಿ ಅಪ್ಪಾನೇ ಹಾಗೆ ಮಾಡಿಸಿದ್ರು," ಎಂದಳು ಮಗಳು. "'ಅವಳು ತಿರುಗ್ತಾ ಇದಾಳೆ, ನನ್ನ ಕೈಲಿ ಆಗಲ್ಲ' ಅಂದ್ರು. ಜ್ವರದ ಮಾತು ಅಂದ್ಕೊಂಡೆ. ಆದ್ರೂ ಪಟ ಆ ಕಡೆ ತಿರುಗಿಸಿದೆ. ನಿದ್ದೆ ಬಂತು ಅವರಿಗೆ."

ಹಾಗಾದರೆ ಇದು ತನ್ನೊಬ್ಬಳ ಹುಚ್ಚಲ್ಲ ಎನ್ನುವುದರಲ್ಲಿ ಚಿತ್ರದಕ್ಕನಿಗೆ ಸಮಾಧಾನವೂ ಇತ್ತು, ಅದಕ್ಕಿಂತ ದೊಡ್ಡ ದಿಗಿಲೂ ಇತ್ತು. ಫೋನಿನಲ್ಲಿ ಬಂದದ್ದನ್ನೆಲ್ಲ ಸೇರಿಸಿ ಬರೆದ ಹೊಸ ಹಾಳೆಯನ್ನು ಚೀಲದಿಂದ ತೆಗೆದಳು. ಅದರಲ್ಲಿ ಹೆಂಗಸು ಪಕ್ಕಕ್ಕೆ ಹೊರಳಿದ್ದಳು. ಮಚ್ಚೆ, ಜಗ್ಗಿದ ಕಿವಿ, ಕಲೆಬಿದ್ದ ಕೆನ್ನೆ, ಹುಬ್ಬು, ಇಳಿದ ಕಣ್ಣಂಚು. ಅಲ್ಲಿಂದ ಮುಂದೆ ಕಾಗದ ಬರಿದಾಗಿತ್ತು. ಯಾರೂ ಹೇಳದ ಮೂಗನ್ನೂ ಬಾಯನ್ನೂ ಅವಳು ಕಟ್ಟಿರಲಿಲ್ಲ.

ಮಗಳು ಬಹಳ ಹೊತ್ತು ನೋಡಿದಳು. "ನನಗೆ ಅಮ್ಮನ ನೆನಪೇ ಇಲ್ಲ, ಅಕ್ಕಾ. ಹೌದೋ ಅಲ್ಲವೋ ಅಂತ ಹೇಗೆ ಹೇಳ್ಲಿ?" ಎಂದಳು. ಆಮೇಲೆ ಹಾಳೆಯ ಬರಿದಾದ ಭಾಗವನ್ನು ಅಂಗೈಯಿಂದ ಮುಚ್ಚಿ, ಉಳಿದದ್ದನ್ನಷ್ಟೇ ನೋಡುತ್ತ ಅಳತೊಡಗಿದಳು. ಮಾವನ ಪಾಠದ ಪ್ರಕಾರ ಪೆನ್ಸಿಲ್ ಕೆಳಗಿಡಬೇಕಾದ ಹೊತ್ತು ಅದು. ಚಿತ್ರದಕ್ಕ ಆ ಹಾಳೆಯನ್ನೂ ಅಲ್ಲೇ ಬಿಟ್ಟು ಬಂದಳು.

ಮುಂದಿನ ಪುಸ್ತಕ ಒಂದು ಆಮೆಯ ಕಥೆ. ಪ್ರಕಾಶಕರು ಪುಟಗಳನ್ನು ತಿರುವುತ್ತ ಒಂದು ಕಡೆ ನಿಂತರು. ಮೂಲೆಯಲ್ಲಿ ಸಣ್ಣ ಅಡುಗೆಮನೆ, ಉರಿಯುವ ಒಲೆ, ಅದರ ಮೇಲೆ ಹೊಗೆಯಾಡುವ ಪಾತ್ರೆ. ಮುಂದೆ ಯಾರೂ ಇಲ್ಲ.

"ಎಲ್ಲಿ ನಿಮ್ಮ ಹೆಂಗಸು? ಮಕ್ಕಳು ಮೊದಲು ಅವಳನ್ನೇ ಹುಡುಕ್ತಾರಲ್ರೀ."

"ಈ ಸಲ ಬರಲಿಲ್ಲ."

"ಒಲೆ ಉರೀತಿದೆ, ನೋಡ್ಕೊಳ್ಳೋರು ಯಾರೂ ಇಲ್ಲ. ಒಂಥರಾ ಭಯ ಆಗುತ್ತೆ ಇದನ್ನ ನೋಡಿದ್ರೆ."

"ಹೌದು," ಎಂದಳು ಚಿತ್ರದಕ್ಕ. ಆ ಪುಟವನ್ನು ಹಾಗೇ ಇರಲಿ ಎಂದು ಬಿಟ್ಟು, ಆಮೆಯ ಹಿಂಗಾಲು ಸರಿಬಂದಿಲ್ಲವೆಂದು ಇನ್ನೊಂದು ಪುಟವನ್ನು ಮಾತ್ರ ಮನೆಗೆ ವಾಪಸು ತೆಗೆದುಕೊಂಡು ಹೋದಳು.